ಬೀದಿ ನಾಯಿಗೂ ಒಬ್ಬರಿರುತ್ತಾರೆ

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಕಚ್ಚಲ್ವಾ ಮೇಡಂ?"

ಕಚ್ಚುತ್ತವೆ. ನಾನು ಒಂಬತ್ತು ಸಲ ಕಚ್ಚಿಸಿಕೊಂಡಿದ್ದೇನೆ. ಆರು ಸಲ ನಾಯಿ, ಮೂರು ಸಲ ಬೆಕ್ಕು. ಅದರಲ್ಲಿ ಏಳು ಸಲ ತಪ್ಪು ನನ್ನದೇ. ಉಳಿದೆರಡು ಸಲದ್ದು ಯಾರ ತಪ್ಪು ಎಂದು ಇನ್ನೂ ತೀರ್ಮಾನವಾಗಿಲ್ಲ.

ನನ್ನ ಹೆಸರು ಗಿರಿಜಾ. ಊರು ಗದಗಿನ ಹತ್ತಿರ. ನಮ್ಮ ಮನೆಯವರದು ಬ್ಯಾಂಕಿನ ನೌಕರಿ. ಅವರನ್ನು ವಡೋದರಾಕ್ಕೆ, ಅಲ್ಲಿಂದ ಸೂರತ್ತಿಗೆ, ಆಮೇಲೆ ಅಹಮದಾಬಾದಿಗೆ ವರ್ಗ ಮಾಡಿದರು. ನಾನು ಅವರ ಹಿಂದೆ ಪಾತ್ರೆಪಗಡ ಕಟ್ಟಿಕೊಂಡು ಹೋದೆ, ಹೋದಲ್ಲೆಲ್ಲ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಹಿಡಿದೆ. ಮೊದಲು ಗಾಯ ಕಟ್ಟುವ ಡ್ರೆಸ್ಸರ್, ಆಮೇಲೆ ಕಂಪೌಂಡರ್. ಡಾಕ್ಟರಾಗಲಿಲ್ಲ, ಆಗಬೇಕೆಂದು ಅನಿಸಲೂ ಇಲ್ಲ. ಹೋದ ವರ್ಷ ಕೆಲಸ ಬಿಟ್ಟೆ. ಈಗ ಸೇರುತ್ತಿರುವ ಹುಡುಗಿಯರು "ಏನಾದರೂ ಬರೆದುಕೊಡಿ" ಎಂದದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾಯಿ ಬೆಕ್ಕು ಕಂಡರೆ ಮನಸ್ಸು ಕರಗುವ, ಆದರೆ ಏನು ಮಾಡಬೇಕೆಂದು ತಿಳಿಯದ ಯಾರು ಬೇಕಾದರೂ ಓದಬಹುದು. ನಾನೂ ಶುರುವಿನಲ್ಲಿ ಹಾಗೇ ಇದ್ದೆ.

ಶುರುವಾದದ್ದು ಒಂದು ಸಾವಿನಿಂದ.

ಆಗ ನಮ್ಮ ಮನೆ ವಡೋದರಾದ ಕೊಯಾಲಿ ಕಡೆಗಿತ್ತು. ಸುತ್ತ ರಿಫೈನರಿಯ ನೌಕರರ ಕುಟುಂಬಗಳು, ಅವುಗಳ ನಡುವೆ ಬಾಡಿಗೆ ಮನೆ. ಹಿತ್ತಲಿಗೆ ಒಂದು ಬೂದು ಬಣ್ಣದ ಬೆಕ್ಕು ಬರುತ್ತಿತ್ತು. ನನಗೆ ಅಲ್ಲಿ ಭಾಷೆ ಬರುತ್ತಿರಲಿಲ್ಲ, ಮಾತಾಡಲು ಜನ ಇರಲಿಲ್ಲ. ಹಾಗಾಗಿ ಬೆಕ್ಕಿನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ಒಂದು ದಿನ ಅದು ಮೂಲೆಯಲ್ಲಿ ಮುದುಡಿ ಕೂತಿತ್ತು, ಮುಟ್ಟಿದರೆ ಮೈ ಸುಡುತ್ತಿತ್ತು. ಮದುವೆಗೆ ಮೊದಲು ನಾನು ಗದಗಿನ ಒಂದು ನರ್ಸಿಂಗ್ ಹೋಮಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಜ್ವರಕ್ಕೆ ಏನು ಕೊಡಬೇಕೆಂದು ನನಗೆ ಗೊತ್ತಿಲ್ಲವೇ? ಅರ್ಧ ಪ್ಯಾರಾಸಿಟಮಾಲ್ ಗುಳಿಗೆ ಪುಡಿ ಮಾಡಿ ಹಾಲಿನಲ್ಲಿ ಕುಡಿಸಿದೆ. ಸಂಜೆ ಇನ್ನರ್ಧ.

ಮರುದಿನ ಬೆಳಗ್ಗೆ ಬೆಕ್ಕಿನ ಮುಖ ಊದಿತ್ತು. ವಸಡು ಕಂದು ಬಣ್ಣಕ್ಕೆ ತಿರುಗಿತ್ತು. ಬಾಯಿ ತೆರೆದು ಉಸಿರು ಎಳೆಯುತ್ತಿತ್ತು. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ಕೇಳುತ್ತ ಕೇಳುತ್ತ ಊರೊಳಗಿನ ಒಂದು ಪ್ರಾಣಿ ಆಸ್ಪತ್ರೆಗೆ ಹೋದೆ. ಅಲ್ಲಿ ಇದ್ದವರು ತ್ರಿವೇದಿ ಡಾಕ್ಟರು. ಏನು ಕೊಟ್ಟಿರಿ ಎಂದು ಕೇಳಿದರು, ಹೇಳಿದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಬೆಕ್ಕಿನ ಕಡೆ ತಿರುಗಿದರು. ಮಧ್ಯಾಹ್ನದವರೆಗೆ ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಬೆಕ್ಕು ಉಳಿಯಲಿಲ್ಲ.

ನಾನು ಬೆಂಚಿನ ಮೇಲೆ ಕೂತು ಅಳುತ್ತಿದ್ದೆ. ಡಾಕ್ಟರು ಕೈ ತೊಳೆದು ಬಂದು ಪಕ್ಕದಲ್ಲಿ ಕೂತರು. ಅಲ್ಲಿಯ ರೂಢಿಯಂತೆ ಬೆನ್, ಅಂದರೆ ಅಕ್ಕ, ಎಂದು ಕರೆದು ಹಿಂದಿಯಲ್ಲಿ ಹೇಳಿದರು. "ಬೆನ್, ಮನುಷ್ಯರ ಜ್ವರದ ಗುಳಿಗೆ ಬೆಕ್ಕಿಗೆ ವಿಷ. ನೀವು ದ್ವೇಷದಿಂದ ಕೊಡಲಿಲ್ಲ, ಪ್ರೀತಿಯಿಂದ ಕೊಟ್ಟಿರಿ. ಆದರೆ ಬೆಕ್ಕಿಗೆ ಎರಡೂ ಒಂದೇ ಆಯಿತು." ಆಮೇಲೆ ಕೇಳಿದರು. "ಗಾಯ ಕಟ್ಟಲು ಬರುತ್ತದೆಯೇ? ಹತ್ತು ದಿನ ಬನ್ನಿ. ಏನು ಮಾಡಬಾರದು ಎಂಬುದನ್ನು ಮಾತ್ರ ಕಲಿಸುತ್ತೇನೆ. ಮಾಡುವುದನ್ನು ಆಮೇಲೆ ನೋಡೋಣ."

ಹತ್ತು ದಿನಕ್ಕೆಂದು ಹೋದವಳು ಅಲ್ಲೇ ಉಳಿದೆ.

ಅವರು ಮಾತಿಗೆ ತಪ್ಪಲಿಲ್ಲ. ಮೊದಲ ದಿನಗಳಲ್ಲಿ ಬರೀ "ಬೇಡ"ಗಳೇ. ಹುಳ ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡ. ಅದರಿಂದ ಹುಳದ ಜೊತೆ ಚರ್ಮವೂ ಸುಡುತ್ತದೆ. ತಣ್ಣಗಿರುವ ಮರಿಗೆ ಹಾಲು ಕುಡಿಸಬೇಡ, ಮೊದಲು ಮೈ ಬೆಚ್ಚಗಾಗಲಿ. ಅದಕ್ಕೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಸಾಕು. ಅಂಗಾತ ಮಲಗಿಸಿ ಕುಡಿಸಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ಗಾಡಿ ಬಡಿದ ನಾಯಿಯನ್ನು ಕಾಲು ಹಿಡಿದು ಎತ್ತಬೇಡ, ಗೋಣಿಚೀಲವನ್ನೋ ಚಾದರವನ್ನೋ ಮೆಲ್ಲಗೆ ಅದರ ಅಡಿಗೆ ಸರಿಸಿ, ಮಲಗಿದ ಹಾಗೆಯೇ ಎತ್ತು. ನೋವಿನಲ್ಲಿರುವ ನಾಯಿ ತನ್ನನ್ನು ಸಾಕಿದವನನ್ನೂ ಕಚ್ಚುತ್ತದೆ, ಅದಕ್ಕೆ ಮೊದಲು ಬಾಯಿಯ ಕಡೆ ಗಮನವಿಡು. ಓಡಬೇಡ. ಕಿರುಚಬೇಡ. "ಅಯ್ಯೋ ಪಾಪ" ಎಂದು ಎಲ್ಲರಿಗಿಂತ ಮುಂದೆ ನುಗ್ಗಬೇಡ.

ಕೊನೆಯದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು.

ಚಳಿಗಾಲ. ಕೆಲಸ ಮುಗಿಸಿ ಬರುವಾಗ ಕಟ್ಟಡ ಕಟ್ಟುವ ಜಾಗದ ಮರಳಿನ ಗುಡ್ಡೆಯ ಹಿಂದೆ ಒಂದು ಗೋಣಿಯ ಕೆಳಗೆ ನಾಲ್ಕು ನಾಯಿಮರಿಗಳು ಕುಂಯ್‌ಗುಡುತ್ತಿದ್ದವು. ಕಣ್ಣು ಬಿಟ್ಟು ಎರಡು ದಿನವಾಗಿರಬೇಕು. ತಾಯಿ ಕಾಣಲಿಲ್ಲ. ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ನಮ್ಮ ಮನೆಯವರು ಬಾಗಿಲು ತೆಗೆದು ಚೀಲ ನೋಡಿ, "ಏನವ್ವಾ, ಮತ್ತ ತಂದಿ?" ಎಂದರು.

"ತಾಯಿ ಸತ್ತಂಗ ಕಾಣಸ್ತೈತ್ರಿ."

"ಸತ್ತಿದ್ದು ನೋಡಿದಿ ಏನ?"

ನೋಡಿರಲಿಲ್ಲ. ಮರುದಿನ ಬೆಳಗ್ಗೆ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೊರಟಾಗ ಅದೇ ಬೀದಿಯಲ್ಲಿ ಐದಾರು ಹೆಂಗಸರು ನಿಂತಿದ್ದರು. ಒಬ್ಬರ ಕೈಯಲ್ಲಿ ಹಬೆಯಾಡುವ ಪಾತ್ರೆ. ಅವರ ಸುತ್ತ ಒಂದು ಬಿಳಿ ನಾಯಿ ಮೂಸುತ್ತ, ಅಳುತ್ತ ಓಡಾಡುತ್ತಿತ್ತು. ಅದರ ಕೆಚ್ಚಲು ಬಿಗಿದಿತ್ತು.

ಗುಜರಾತಿನಲ್ಲಿ ಒಂದು ಪದ್ಧತಿಯಿದೆ. ಬೀದಿಯ ನಾಯಿ ಈದರೆ ಓಣಿಯವರು ಮನೆಮನೆಯಿಂದ ಗೋಧಿಹಿಟ್ಟು, ಬೆಲ್ಲ, ತುಪ್ಪ ಸೇರಿಸಿ ಬಾಣಂತಿಗೆಂದು ಶೀರೊ ಮಾಡಿ ಹಾಕುತ್ತಾರೆ. ನಮ್ಮ ಕಡೆ ಸಜ್ಜಕ ಮಾಡಿದ ಹಾಗೆ. ನನಗೆ ಅದು ಗೊತ್ತಿರಲಿಲ್ಲ. ಆ ಹೆಂಗಸರು ಎರಡು ವಾರದಿಂದ ಶೀರೊ ಹಾಕುತ್ತಿದ್ದರು. ಮರಿಗಳ ಮೇಲೆ ಗೋಣಿ ಹೊದಿಸಿದ್ದೂ ಅವರೇ. ಹಿಂದಿನ ಸಂಜೆ ತಾಯಿ ಹೋಗಿದ್ದು ಅವರ ಮನೆ ಬಾಗಿಲಿಗೆ, ಊಟಕ್ಕೆ.

ನಾನು ಪೆಟ್ಟಿಗೆಯ ಮುಚ್ಚಳ ತೆಗೆದೆ. ಪಾತ್ರೆ ಹಿಡಿದ ಹೆಂಗಸು ಮರಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ನಾಯಿ ಪೆಟ್ಟಿಗೆಯೊಳಗೇ ಹಾರಿ ಮಲಗಿತು. ಯಾರೂ ನನ್ನನ್ನು ಬಯ್ಯಲಿಲ್ಲ. ಆಕೆ ಶೀರೊದಲ್ಲಿ ಒಂದು ಚಮಚ ನನ್ನ ಅಂಗೈಗೂ ಹಾಕಿ, "ಖಾವೋ ಬೆನ್" ಎಂದಳು. ಬಾಣಂತಿಯ ಊಟದಲ್ಲಿ ಪಾಲು ತಿಂದು ಕೆಲಸಕ್ಕೆ ಹೋದೆ.

ತ್ರಿವೇದಿ ಡಾಕ್ಟರಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು. "ಮರಿಗಳು ಒಂಟಿಯಾಗಿ ಕಂಡರೆ ದೂರ ಹೋಗಿ ಕೂತು ಕಾಯಬೇಕು. ತಾಯಿ ಎಂದರೆ ಇಡೀ ದಿನ ಮನೆಯಲ್ಲೇ ಇರುತ್ತಾಳೆಯೇ? ನೀವು ಇರುತ್ತೀರಾ?" ಆಮೇಲಿನ ವರ್ಷಗಳಲ್ಲಿ ಮರಿಗಳನ್ನು ಎತ್ತಿಕೊಂಡು ಓಡಿಬಂದ ಎಷ್ಟೋ ಜನರಿಗೆ ನಾನು ಇದೇ ಕೇಳಿದ್ದೇನೆ. ಮೈ ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದರೆ ತಾಯಿ ಇದ್ದಾಳೆ ಎಂದೇ ಅರ್ಥ. ವಾಪಸ್ ಇಟ್ಟು ಬನ್ನಿ.

ಸೂರತ್ತಿನಲ್ಲಿ ಕೆಲಸ ಬೇರೆ ಥರದ್ದು. ಬೀದಿ ನಾಯಿಗಳನ್ನು ಹಿಡಿದು ತಂದು, ಸಂತಾನಹರಣದ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಯ ತುದಿಯಲ್ಲಿ ಗುರುತಿಗೆ ಸಣ್ಣ ಕಚ್ಚು ಮಾಡಿ, ಗಾಯ ಮಾಗಿದ ಮೇಲೆ ಹಿಡಿದ ಜಾಗದಲ್ಲೇ ಬಿಡುವ ಕೇಂದ್ರ. ನಾಯಿ ಹಿಡಿಯುವ ತಂಡದ ಹಿರಿಯ ರಮಣಭಾಯಿ. ಬಾಯಲ್ಲಿ ಸದಾ ಅಡಿಕೆ ತಂಬಾಕಿನ ಮಸಾಲೆ, ಅದಕ್ಕೇ ಮಾತು ಕಡಿಮೆ. ಅವರು ಕೆಲಸ ಕಲಿತ ಕಾಲದಲ್ಲಿ ಕಬ್ಬಿಣದ ಇಕ್ಕಳದಿಂದ ಕುತ್ತಿಗೆ ಹಿಡಿಯುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಬಲೆ ಬಂದಿತ್ತು. ನಾನು ಬಿಡುವ ಹೊತ್ತಿಗೆ ಬಲೆಯೂ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಅನ್ನ ಹಾಕುವವರೇ ನಾಯಿಯನ್ನು ಎತ್ತಿ ಗಾಡಿಗೆ ಹತ್ತಿಸುತ್ತಿದ್ದರು. ಆ ಬದಲಾವಣೆಗೆ ನನ್ನ ಒಂದು ದೊಡ್ಡ ತಪ್ಪೂ ಕಾರಣ. ಅದನ್ನೇ ಹೇಳುತ್ತೇನೆ.

ಒಂದು ವಾರ ಎರಡು ಕೆಂದು ನಾಯಿಗಳು ಒಟ್ಟಿಗೇ ಬಂದಿದ್ದವು. ಎರಡೂ ಗಂಡು, ಒಂದೇ ಎತ್ತರ. ಒಂದನ್ನು ಉಧ್ನಾದ ಮಗ್ಗದ ಶೆಡ್ಡುಗಳ ಓಣಿಯಿಂದ ಹಿಡಿದದ್ದು, ಇನ್ನೊಂದನ್ನು ರೈಲು ಹಳಿಯ ಆಚೆ, ಬಲು ದೂರದ ಗೋದಾಮುಗಳ ಕಡೆಯಿಂದ. ಪಂಜರ ತೊಳೆಯುವಾಗ, ಹಿಡಿದ ಜಾಗದ ಗುರುತಿಗಿದ್ದ ಕೊರಳ ಬಿಲ್ಲೆಗಳನ್ನು ಬಿಚ್ಚಿ ಮತ್ತೆ ಕಟ್ಟಿದವಳು ನಾನು. ಅದಲು ಬದಲು ಕಟ್ಟಿದೆ. ಬಿಡುವ ದಿನ ನಾನೇ ಗಾಡಿಯ ಜೊತೆ ಹೋಗಿ, ಪುಸ್ತಕದಲ್ಲಿ ಸಹಿ ಹಾಕಿ ಬಂದೆ.

ಮೂರನೇ ದಿನ ಕೇಂದ್ರದ ಬಾಗಿಲಲ್ಲಿ ಒಬ್ಬ ತೆಳ್ಳನೆಯ ಮನುಷ್ಯ ನಿಂತಿದ್ದ. ಕೈಯಲ್ಲಿ ಸೀರೆಯ ಅಂಚು ಹೊಸೆದು ಮಾಡಿದ ಹಗ್ಗ, ಹಗ್ಗದ ತುದಿಗೆ ಒಂದು ಕೆಂದು ನಾಯಿ.

"ದೀದಿ, ಇದು ನಮ್ಮದಲ್ಲ" ಎಂದು ಹಿಂದಿಯಲ್ಲಿ ಕೂಗಿದ. ಜಗಳಕ್ಕೆ ಬಂದನೇನೋ ಎಂದುಕೊಂಡೆ. ಅಲ್ಲ. ವರ್ಷಗಟ್ಟಲೆ ಮಗ್ಗದ ಸದ್ದಿನಲ್ಲಿ ಇದ್ದವರ ದನಿಯೇ ಹಾಗೆ, ಮೆಲ್ಲಗೆ ಮಾತಾಡಲು ಬರುವುದಿಲ್ಲ. ಹೆಸರು ಗೋಬಿಂದ, ಒಡಿಶಾದವನು. ಹನ್ನೆರಡು ತಾಸಿನ ಪಾಳಿ. "ನಮ್ಮ ಲಾಲಿಯಾನ ಎಡಗಾಲಿನ ಉಗುರು ಬೆಳ್ಳಗಿದೆ. ಇದರದು ಕಪ್ಪು. ಪಾಪ, ಇದು ಹೆದರಿಕೊಂಡು ಮೆಟ್ಟಿಲ ಕೆಳಗೆ ಕೂತಿತ್ತು, ರೊಟ್ಟಿ ಹಾಕಿದ್ದೇನೆ. ನಮ್ಮದು ಎಲ್ಲಿ?"

ಆಪರೇಷನ್ ಆದ ನಾಯಿಯನ್ನು ಗೊತ್ತಿಲ್ಲದ ಜಾಗದಲ್ಲಿ ಬಿಟ್ಟರೆ ಅಲ್ಲಿಯ ನಾಯಿಗಳು ಬಿಡುವುದಿಲ್ಲ. ಅನ್ನವೆಲ್ಲಿ, ನೀರೆಲ್ಲಿ ಎಂದು ಅದಕ್ಕೆ ತಿಳಿಯುವುದಿಲ್ಲ. ಮನೆಯ ದಿಕ್ಕು ಹಿಡಿದು ಹೊರಟರೆ ನಡುವೆ ರೈಲು ಹಳಿ.

ರಮಣಭಾಯಿಗೆ ಹೇಳಿದೆ. ಅವರು ಬಾಯಲ್ಲಿದ್ದುದನ್ನು ಉಗಿದು ಬಂದರು. ಅಷ್ಟರಿಂದಲೇ ವಿಷಯ ದೊಡ್ಡದೆಂದು ನನಗೆ ಗೊತ್ತಾಯಿತು. ಮೊದಲು ಕಪ್ಪುಗುರಿನ ನಾಯಿಯನ್ನು ಅದರ ಜಾಗಕ್ಕೆ ಒಯ್ದು ಬಿಟ್ಟೆವು. ಅದು ಗಾಡಿಯಿಂದ ಇಳಿದದ್ದೇ ಬಾಲವೆತ್ತಿ ತನ್ನ ಗುಂಪಿಗೆ ಓಡಿತು. ಲಾಲಿಯಾ ಅಲ್ಲೆಲ್ಲೂ ಇರಲಿಲ್ಲ.

ಎರಡು ದಿನ ಹುಡುಕಿದೆವು. "ಕೆಂದು ನಾಯಿ ನೋಡಿದಿರಾ?" ಎಂದು ಕಂಡವರನ್ನೆಲ್ಲ ಕೇಳಿದೆ. ಎಲ್ಲರೂ ನೋಡಿದ್ದರು. ಊರಲ್ಲಿ ಕೆಂದು ನಾಯಿಗೇನು ಬರ! ಗೋಬಿಂದ ಪಾಳಿ ಮುಗಿಸಿ, ನಿದ್ದೆ ಬಿಟ್ಟು ಬರುತ್ತಿದ್ದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. "ಊರಿಂದ ಬಂದಾಗ ಈ ಓಣಿಯಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ ದೀದಿ. ಅದೇ ನನ್ನನ್ನು ಶೆಡ್ಡಿನ ಬಾಗಿಲವರೆಗೆ ಬಿಟ್ಟು ಹೋಗುತ್ತಿತ್ತು" ಎಂದ. ಅಷ್ಟೇ.

ಮೂರನೇ ದಿನ ರಮಣಭಾಯಿ ನನ್ನನ್ನು ತಡೆದರು. "ಪ್ರಶ್ನೆ ತಪ್ಪು, ಬೆನ್. ನಾಯಿ ನೋಡಿದಿರಾ ಅಂತ ಕೇಳಬಾರದು. ನಿಮ್ಮ ಓಣಿಯ ನಾಯಿಗಳು ಈ ನಾಲ್ಕೈದು ದಿನದಿಂದ ಎಲ್ಲಿ ನಿಂತು ಬೊಗಳುತ್ತಿವೆ ಅಂತ ಕೇಳಬೇಕು."

ಮೂರನೇ ಚಹದಂಗಡಿಯಲ್ಲೇ ಉತ್ತರ ಸಿಕ್ಕಿತು. ಅಂಗಡಿಯ ಹೆಂಗಸು ಪಾತ್ರೆಯಿಂದ ಕಣ್ಣೆತ್ತದೆ, "ಅಲ್ಲಿ, ಸಿಮೆಂಟು ಕೊಳವೆ ಒಟ್ಟಿದ್ದಾರಲ್ಲ, ಅದರ ಮುಂದೆ. ಬೆಳಗಾದರೆ ಅದೇ ಗಲಾಟೆ" ಎಂದಳು.

ಕೊಳವೆಯೊಂದರ ಆಳದಲ್ಲಿ ಎರಡು ಕಣ್ಣು ಮಿನುಗಿದವು. ನಾನು ಬಲೆ ಎತ್ತಿದೆ. ರಮಣಭಾಯಿ ನನ್ನ ಕೈ ಹಿಡಿದು ಕೆಳಗಿಳಿಸಿದರು. ಗೋಬಿಂದ ಕೊಳವೆಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತು ಕರೆದ. "ಲಾಲಿಯಾ!" ಆ ದನಿ ಕೊಳವೆಯೊಳಗೆ ಗುಡುಗಿದ ಹಾಗೆ ಮೊಳಗಿತು. ಬೇರೆ ನಾಯಿಯಾಗಿದ್ದರೆ ಆಚೆ ತುದಿಯಿಂದ ಪರಾರಿ. ಇದು ತೆವಳುತ್ತ ಬಂತು. ಹಿಂಗಾಲಿಗೆ ಕಡಿತದ ಗಾಯ, ಮೈಯೆಲ್ಲ ಧೂಳು. ಎಡಗಾಲಿನ ಉಗುರು ಬೆಳ್ಳಗಿತ್ತು. ಬಂದು ಅವನ ತೊಡೆಯ ಮೇಲೆ ತಲೆಯಿಟ್ಟಿತು. ಗೋಬಿಂದ ಅದಕ್ಕೆ ಒಡಿಯಾದಲ್ಲಿ ಉದ್ದಕ್ಕೆ ಏನೋ ಹೇಳಿದ. ನನಗೆ ಆ ಭಾಷೆ ಬಾರದು. ಬೈಗುಳವೆಂದು ಮಾತ್ರ ಗೊತ್ತಾಯಿತು, ಅದು ನನಗೂ ಸೇರಿ ಇದ್ದಿರಬಹುದು. ಇದ್ದರೂ ನ್ಯಾಯವೇ.

ಗಾಯ ಮಾಗುವವರೆಗೆ ಲಾಲಿಯಾನ ಡ್ರೆಸ್ಸಿಂಗ್ ನಾನೇ ಮಾಡಿದೆ. ಆಮೇಲೆ ನಮ್ಮ ಮೇಲ್ವಿಚಾರಕರ ಮುಂದೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡು, ಪುಸ್ತಕದಲ್ಲಿ ಇನ್ನೊಂದು ಕಲಂ ಬೇಕು ಎಂದೆ.

"ಯಾವ ಕಲಂ?"

"ಯಾರ ನಾಯಿ ಅಂತ."

ಅವರು ಕನ್ನಡಕ ತೆಗೆದರು. "ಗಿರಿಜಾಬೆನ್, ಯಾರದೂ ಅಲ್ಲದ್ದಕ್ಕೇ ಅಲ್ಲವೇ ಬೀದಿ ನಾಯಿ ಅನ್ನುವುದು?"

"ಯಾರಾದರೊಬ್ಬರು ಇರುತ್ತಾರೆ ಸಾಹೇಬ್. ರೊಟ್ಟಿ ಹಾಕುವವರು, ಹೆಸರಿಟ್ಟವರು. ಹಿಡಿಯುವ ದಿನ ಆ ಓಣಿಯಲ್ಲಿ ನಿಂತು ಅವರನ್ನು ಹುಡುಕಿ ಹೆಸರು ಬರೆದುಕೊಂಡರೆ, ಬಿಡುವ ದಿನ ಅವರೇ ಗುರುತು ಹಿಡಿಯುತ್ತಾರೆ."

ಅವರು ಕನ್ನಡಕ ಹಾಕಿಕೊಂಡು ತಮ್ಮ ಕಾಗದಪತ್ರಕ್ಕೆ ಮರಳಿದರು. ನಾನು ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯತೊಡಗಿದೆ. ಚಹದ ಮಂಜುಬೆನ್. ಮಿಲ್ಲಿನ ವಾಚ್‌ಮನ್. ಹಾಲಿನ ಅಂಗಡಿ ಅಜ್ಜ. ಹೊಸ ಪುಸ್ತಕ ಅಚ್ಚಾಗಿ ಬಂದಾಗ ಆ ಕಲಂ ಸರಿಯಾದ ಗೆರೆ ಹಾಕಿಸಿಕೊಂಡು ಬಂದಿತ್ತು. ಖಾಲಿ ಉಳಿದದ್ದು ಬಲು ಅಪರೂಪ. ಹೆಸರು ಬರೆಸಿದವರು ಆಮೇಲೆ ಲಸಿಕೆಗೂ ತಾವೇ ಕರೆತರುತ್ತಿದ್ದರು.

ಸೂರತ್ತಿನದೇ ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಮನೆಯ ಹತ್ತಿರ ಕುಂದಾಪುರ ಕಡೆಯ ವಾಸಣ್ಣನವರ ಹೋಟೆಲಿತ್ತು. ಭಾನುವಾರ ನಾವು ದೋಸೆಗೂ ಕನ್ನಡಕ್ಕೂ ಅಲ್ಲಿಗೆ ಹೋಗುತ್ತಿದ್ದೆವು. ಒಂದು ಭಾನುವಾರ ಅಡಿಗೆಯ ಶೀನ ದೋಸೆ ತಂದಿಟ್ಟಾಗ ಅವನ ಕಾಲಿಗೆ ಬಟ್ಟೆ ಕಟ್ಟಿದ್ದು ಕಾಣಿಸಿತು. ಬಟ್ಟೆಯ ಅಂಚಿನಲ್ಲಿ ಸುಣ್ಣ.

"ಅದೆಂಥದ್ದು ಶೀನ?"

"ಎಂತದೂ ಇಲ್ಲ ಅಕ್ಕ. ನಾಯಿ ಹಲ್ಲು ತಾಗಿದ್ದ್ ಅಷ್ಟೆ. ಸುಣ್ಣ ಹಚ್ಚಿದೆ."

"ಯಾವಾಗ?"

"ಬೆಳಿಗ್ಗೆ. ಹಿಂದಿನ ಬಾಗ್ಲಲ್ಲಿ. ದಿನಾ ಬಪ್ಪು ನಾಯಿ ಅಲ್ಲ ಅದ್."

ದಿನಾ ಬರುವ ನಾಯಿ ಅಲ್ಲ ಎಂದದ್ದು ಕೇಳಿ ದೋಸೆ ಅಲ್ಲೇ ಬಿಟ್ಟು ಎದ್ದೆ. ಅವನನ್ನು ಪಾತ್ರೆ ತೊಳೆಯುವ ನಲ್ಲಿಯ ಕೆಳಗೆ ಕೂರಿಸಿ, ಬಟ್ಟೆ ಒಗೆಯುವ ಸಾಬೂನು ಹಾಕಿ ಗಾಯದ ಮೇಲೆ ನೀರು ಬಿಟ್ಟೆ. ಅವನು ಸಾಕು ಎಂದ, ನಾನು ಬಿಡಲಿಲ್ಲ. ಹದಿನೈದು ನಿಮಿಷ, ಗೋಡೆಯ ಗಡಿಯಾರ ನೋಡಿಕೊಂಡು. ವಾಸಣ್ಣನವರು ಬಂದು, "ಎಂತ ಅಮ್ಮ, ಇಷ್ಟು ಸಣ್ಣ ಗೀರಿಗೆ? ಗಿರಾಕಿ ಕಾಯ್ತಿದ್ದಾರೆ ಮಾರಾಯ್ರೆ" ಎಂದರು.

"ವಾಸಣ್ಣ, ಈ ರೋಗ ಬಂದ ಮೇಲೆ ಔಷಧಿ ಇಲ್ಲ. ಬರುವ ಮೊದಲು ಮಾತ್ರ ಇದೆ. ಆಟೋ ಕರೆಯಿರಿ."

ವಾಸಣ್ಣನವರು ತಾವೇ ಕಾವಲಿಯ ಮುಂದೆ ನಿಂತು, ಶೀನನನ್ನು ನಮ್ಮ ಜೊತೆ ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಗಾಯದ ಸುತ್ತ ಒಂದು ಇಂಜೆಕ್ಷನ್, ತೋಳಿಗೆ ಒಂದು. ಮುಂದಿನ ದಿನಗಳ ಚೀಟಿಯನ್ನು ನಾನು ಹೋಟೆಲಿನ ದೇವರ ಪಟದ ಕೆಳಗೆ ಅಂಟಿಸಿದೆ. ಆ ನಾಯಿಯನ್ನು ರಮಣಭಾಯಿ ಅದೇ ಮಧ್ಯಾಹ್ನ ಪತ್ತೆ ಮಾಡಿ ತಂದು ಬೇರೆ ಪಂಜರದಲ್ಲಿ ಇಟ್ಟರು. ನಾಲ್ಕನೇ ದಿನ ಅದು ಸತ್ತಿತು. ಹುಚ್ಚುರೋಗವೇ ಹೌದೆಂದು ಡಾಕ್ಟರು ಹೇಳಿದರು. ಶೀನನಿಗೆ ನಾನು ಇದನ್ನು ಎಲ್ಲ ಇಂಜೆಕ್ಷನ್ನೂ ಮುಗಿದ ಮೇಲೆಯೇ ಹೇಳಿದ್ದು. ಅವನು ಒಳಗೆ ಹೋಗಿ ನನಗೊಂದು ತುಪ್ಪದ ದೋಸೆ ಹೊಯ್ದು ತಂದ. ನಾಯಿಯನ್ನು ಪ್ರೀತಿಸುವವರು ಇದನ್ನು ಮರೆಯಬಾರದು. ನಾಯಿ ಪರಿಚಯದ್ದೇ ಇರಲಿ, ಗೀರು ಎಷ್ಟೇ ಸಣ್ಣದಿರಲಿ, ಸಾಬೂನು, ನೀರು, ಆಸ್ಪತ್ರೆ. ಸುಣ್ಣವಲ್ಲ, ಮೆಣಸಿನಪುಡಿಯಲ್ಲ, ನಾಳೆ ನೋಡೋಣ ಎಂಬುದಂತೂ ಅಲ್ಲವೇ ಅಲ್ಲ.

ಅಹಮದಾಬಾದಿಗೆ ಬರುವ ಹೊತ್ತಿಗೆ ಎಲ್ಲರ ಕೈಗೂ ಫೋನು ಬಂದಿತ್ತು. ಅದರಿಂದ ಅನುಕೂಲವೂ ಆಯಿತು, ತೊಂದರೆಯೂ ಆಯಿತು. ಮೊದಲು ಗಾಯಗೊಂಡ ಬೆಕ್ಕನ್ನು ಕಂಡವರು ರಟ್ಟಿನ ಡಬ್ಬಿಗೆ ತೂತು ಮಾಡಿ ಅದರಲ್ಲಿ ಹಾಕಿಕೊಂಡು ಬರುತ್ತಿದ್ದರು. ಈಗ ವಿಡಿಯೋ ಕಳಿಸಿ, "ಯಾರಾದರೂ ಹೋಗಿ" ಎನ್ನುತ್ತಾರೆ. ಹತ್ತು ಜನ ನೋಡುತ್ತಾರೆ, ಒಬ್ಬೊಬ್ಬರೂ ಉಳಿದ ಒಂಬತ್ತು ಜನ ಹೋಗಿರಬಹುದು ಎಂದುಕೊಳ್ಳುತ್ತಾರೆ. ನಾನು ಫೋನಿನಲ್ಲಿ ಎಲ್ಲರಿಗೂ ಹೇಳುತ್ತಿದ್ದುದು ಒಂದೇ. "ನಾವು ಬರುತ್ತೇವೆ. ಬರುವವರೆಗೆ ನೀವು ಅಲ್ಲಿಂದ ಕದಲಬೇಡಿ. ನೆರಳು ಮಾಡಿ, ಜನರನ್ನು ದೂರ ನಿಲ್ಲಿಸಿ." ಗಾಯಗೊಂಡ ಪ್ರಾಣಿ ಗಾಬರಿಯಲ್ಲಿ ಎಲ್ಲಿಗೋ ನುಸುಳಿಬಿಟ್ಟರೆ ಯಾವ ಡಾಕ್ಟರು ಬಂದರೂ ಪ್ರಯೋಜನವಿಲ್ಲ. ಎಷ್ಟೋ ಜನ ನಿಂತರು. ಆಫೀಸಿಗೆ ತಡವಾದರೂ ಛತ್ರಿ ಹಿಡಿದು ನಿಂತವರನ್ನು ಕಂಡಿದ್ದೇನೆ.

ನಾವಿರುವುದು ವಸ್ತ್ರಾಪುರದ ಒಂದು ಹೌಸಿಂಗ್ ಸೊಸೈಟಿಯಲ್ಲಿ. ಕೆಲಸ ಬಿಟ್ಟ ತಿಂಗಳೇ ಕೆಳಗಿನಿಂದ ಜಗಳದ ಸದ್ದು. ಒಂದು ಕಡೆ ನಾಯಿಗಳಿಗೆ ರೊಟ್ಟಿ ಹಾಕುವ ಹಂಸಾಬೆನ್, ಎಪ್ಪತ್ತು ದಾಟಿದವರು. ಇನ್ನೊಂದು ಕಡೆ ಸೊಸೈಟಿಯ ಕಾರ್ಯದರ್ಶಿ ಭರತಭಾಯಿ. ಅವರ ಮಗಳನ್ನು ಗೇಟಿನ ಹತ್ತಿರ ನಾಯಿ ಅಟ್ಟಿಸಿಕೊಂಡು ಹೋಗಿ, ಹುಡುಗಿ ಬಿದ್ದು ಮೊಣಕಾಲು ಒಡೆದಿತ್ತು. "ಎಲ್ಲವನ್ನೂ ಎತ್ತಿಸುತ್ತೇನೆ" ಎಂದು ಅವರು, "ಮೊದಲು ನನ್ನನ್ನು ಎತ್ತಿಸು" ಎಂದು ಇವರು.

ನಾನು ಇಬ್ಬರಿಗೂ ಒಂದು ವಾರ ಕೊಡಿ ಎಂದೆ. ದಿನಾ ಬೆಳಗ್ಗೆ ಗೇಟಿನಲ್ಲಿ ಕೂತು ನೋಡಿದೆ. ಹಂಸಾಬೆನ್ ರೊಟ್ಟಿ ಹಾಕುವುದು ಗೇಟಿನಲ್ಲೇ, ಮಕ್ಕಳು ಶಾಲೆಯ ಬಸ್ಸಿಗೆ ಓಡುವ ಹೊತ್ತಿಗೇ. ತಿನ್ನುವ ನಾಯಿಯ ಪಕ್ಕ ಓಡಿದರೆ ಅದು ಅಟ್ಟದೆ ಇನ್ನೇನು ಮಾಡೀತು? ಜೊತೆಗೆ ಒಂದು ಹೆಣ್ಣುನಾಯಿಗೆ ಆಪರೇಷನ್ ಆಗಿರಲಿಲ್ಲ, ಅದರ ಹಿಂದೆ ಹೊರಗಿನ ಗಂಡುನಾಯಿಗಳೂ ಸೇರುತ್ತಿದ್ದವು. ರೊಟ್ಟಿಯ ಜಾಗವನ್ನು ಹಿಂದಿನ ಗೋಡೆಯ ಬಳಿಗೆ ಬದಲಿಸಿದೆವು, ಹೊತ್ತನ್ನು ಬಸ್ಸು ಹೋದ ಮೇಲಕ್ಕೆ. ಹಂಸಾಬೆನ್‌ಗೆ ಅಷ್ಟು ದೂರ ನಡೆಯುವುದು ಕಷ್ಟವೆಂದು ಹಿಂದಿನ ಗೇಟು ತೆರೆಯಬೇಕಾಯಿತು. ಅದರ ಕೀಲಿ ಇದ್ದುದು ಕಾರ್ಯದರ್ಶಿಯ ಬಳಿ. ಹೀಗಾಗಿ ಭರತಭಾಯಿ ದಿನಾ ಬೆಳಗ್ಗೆ ಗೊಣಗುತ್ತ ಬಂದು ಬೀಗ ತೆಗೆಯುವುದು, ಹಂಸಾಬೆನ್ ಮುಖ ತಿರುಗಿಸಿಕೊಂಡು ದಾಟುವುದು. ಹೆಣ್ಣುನಾಯಿಯ ಆಪರೇಷನ್ ಮಾಡಿಸಿದೆವು, ಎಲ್ಲಕ್ಕೂ ಲಸಿಕೆ ಹಾಕಿಸಿದೆವು. ಅಟ್ಟಿಸಿಕೊಂಡು ಹೋಗುವುದು ನಿಂತಿತು. ಅವರಿಬ್ಬರೂ ಈಗಲೂ ಮಾತಾಡುವುದಿಲ್ಲ. ಆದರೆ ಹಂಸಾಬೆನ್ ಊರಿಗೆ ಹೋದಾಗ ರೊಟ್ಟಿ ಹಾಕಿದ್ದು ಯಾರೆಂದು ವಾಚ್‌ಮನ್ ನನಗೆ ಹೇಳಿದ್ದಾನೆ.

ಈ ಚಳಿಗಾಲದಲ್ಲಿ ಒಂದು ಬೆಳಗ್ಗೆ ಭರತಭಾಯಿಯ ಫೋನು. "ಬೆನ್, ನನ್ನ ಕಾರಿನ ಬಾನೆಟ್ಟಿನೊಳಗೆ ಏನೋ ಕೂಗುತ್ತಿದೆ. ಬೆಕ್ಕಿನ ಮರಿಗಳು. ಬಂದು ತೆಗೆದುಕೊಂಡು ಹೋಗಿ."

"ಕಾರು ಚಾಲೂ ಮಾಡಿದಿರಾ?"

"ಇಲ್ಲ. ಕೂಗು ಕೇಳಿ ಇಳಿದುಬಿಟ್ಟೆ."

"ಮುಟ್ಟಿದಿರಾ?"

"ಇಲ್ಲಪ್ಪ!"

"ಒಳ್ಳೆಯದು. ಬಾನೆಟ್ಟು ಸ್ವಲ್ಪ ತೆರೆದಿಡಿ. ಒಂದು ಕುರ್ಚಿ ತೆಗೆದುಕೊಂಡು ಆ ಬದಿಯ ಗೋಡೆಯ ಹತ್ತಿರ ಕೂತುಬಿಡಿ. ತಾಯಿ ಬರುತ್ತಾಳೆ."

"ಎಷ್ಟು ಹೊತ್ತು?"

"ಅದು ಅವಳಿಗೇ ಗೊತ್ತು."

ಬೇರೆ ಕೆಲಸ ಮುಗಿಸಿ ನಾನು ಹನ್ನೊಂದರ ಸುಮಾರಿಗೆ ಇಳಿದು ಹೋದೆ. ಭರತಭಾಯಿ ಇಸ್ತ್ರಿ ಅಂಗಿ ಹಾಕಿಕೊಂಡು, ಆಫೀಸಿನ ಚೀಲ ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದರು. ಆ ಕಡೆಯಿಂದ ಸ್ಕೂಟರಿನಲ್ಲಿ ಬಂದವರನ್ನೆಲ್ಲ ಕೈಸನ್ನೆಯಿಂದಲೇ ಸುತ್ತುಬಳಸಿ ಕಳಿಸುತ್ತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

ತಾಯಿ ಬಂದಿದ್ದಳು. ಕಪ್ಪು ಬಿಳಿ ಮಚ್ಚೆಯ ಬಡಕಲು ಬೆಕ್ಕು. ಬಾನೆಟ್ಟಿನ ಸಂದಿಯಿಂದ ಒಂದು ಮರಿಯನ್ನು ಕತ್ತು ಕಚ್ಚಿ ಇಳಿಸಿ, ಅಂಗಳ ದಾಟಿ, ಮೀಟರ್ ಕೋಣೆಯ ಹಿಂದೆ ಹೋಯಿತು. ಮತ್ತೆ ಬಂತು. ಭರತಭಾಯಿ ಉಸಿರಿನಲ್ಲೇ ಎಣಿಸುತ್ತಿದ್ದರು. "ಬೇ... ತ್ರಣ್..." ನಾಲ್ಕನೆಯದು ಎಲ್ಲಕ್ಕಿಂತ ಸಣ್ಣದು, ದಾರಿಯಲ್ಲಿ ಒಮ್ಮೆ ಜಾರಿ ಬಿತ್ತು. ಅವರು ಕುರ್ಚಿಯಿಂದ ಅರ್ಧ ಎದ್ದರು. ನಾನು ಅವರ ತೋಳು ಹಿಡಿದೆ. ತಾಯಿ ಅದನ್ನು ಮತ್ತೆ ಕಚ್ಚಿಕೊಂಡು ಹೋಯಿತು.

ಸ್ವಲ್ಪ ಹೊತ್ತಿಗೆ ಅದು ಐದನೇ ಸಲ ಬಂತು. ಬಾನೆಟ್ಟಿನೊಳಗೆ ನುಸುಳಿ, ಹುಡುಕಿ, ಹೊರಗೆ ತಲೆಹಾಕಿ ಕೂಗಿತು. ಮತ್ತೆ ಒಳಗೆ ಹೋಯಿತು, ಮತ್ತೆ ಕೂಗಿತು. ಬೆಕ್ಕಿಗೆ ಎಣಿಸಲು ಬರುವುದಿಲ್ಲ. ಯಾರಾದರೂ ಉಳಿದುಬಿಟ್ಟರೇನೋ ಎಂದು ಕೊನೆಯದಾಗಿ ಬಂದು ನೋಡಿ ಹೋಗುತ್ತದೆ.

ಭರತಭಾಯಿ ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದರು. "ಬಧಾ ಗಯಾ, ಬೆನ್. ಹವೇ ಕೋಯಿ ಬಾಕೀ ನಥೀ." ಎಲ್ಲರೂ ಹೋದರು, ಇನ್ನು ಯಾರೂ ಉಳಿದಿಲ್ಲ.

"ಹೌದು, ನಾಲ್ಕೇ ಇದ್ದದ್ದು" ಎಂದೆ ನಾನು.

ಅವರು ನನ್ನ ಕಡೆ ತಿರುಗಲಿಲ್ಲ. ಬೆಕ್ಕು ಅವರನ್ನು ದಿಟ್ಟಿಸಿ ನೋಡುತ್ತಿತ್ತು. ಅವರು ಬೆಕ್ಕಿಗೇ ಹೇಳುತ್ತಿದ್ದರು.